ಆಳಸಮುದ್ರದ ಮೀನು: ಹಿಡಿಯದೆ ಬಿಟ್ಟವರ ನಷ್ಟವನ್ನು ತುಂಬಿಕೊಡುವವರು ಯಾರು?

ನೀಲಿಶಾಯಿ:

ಮಿತಿಮೀರಿದ ಮೀನುಗಾರಿಕೆಯ ಚರ್ಚೆ ಎದ್ದಾಗಲೆಲ್ಲ ಮಾತು ಎರಡು ದಿಕ್ಕಿಗೆ ಹರಿದುಹೋಗುತ್ತದೆ. ಕಡಲಿನ ದೊಡ್ಡ ಭಾಗವನ್ನು ಮೀನುಗಾರಿಕೆಗೆ ಮುಚ್ಚಿಬಿಡಬೇಕು ಎಂದು ಕೆಲವರು, ವಿಜ್ಞಾನಿಗಳು ಗೊತ್ತುಮಾಡಿದ ಕೋಟಾವನ್ನು ಪಾಲಿಸಿದರೆ ಸಾಕು ಎಂದು ಇನ್ನು ಕೆಲವರು ವಾದಿಸುತ್ತಾರೆ. ಇಬ್ಬರೂ ಮುಟ್ಟದೆ ಬಿಡುವ ಪ್ರಶ್ನೆಯೊಂದನ್ನು ಇಲ್ಲಿ ಮುಂದಿಡುತ್ತಿದ್ದೇನೆ. ಹಲವು ದೇಶಗಳ ನೀರಿನಲ್ಲಿ ಸಂಚರಿಸುವ ಜೀವಿಯನ್ನು ಹಿಡಿಯದೆ ಬಿಟ್ಟ ದೇಶಕ್ಕೆ ಸಿಗುವುದಾದರೂ ಏನು? ತಾನು ಬಿಟ್ಟದ್ದನ್ನು ಮತ್ತೊಂದು ಧ್ವಜದ ಹಡಗು ಹಿಡಿದೇ ಹಿಡಿಯುತ್ತದೆ ಎಂಬುದು ಖಚಿತವಾಗಿರುವಾಗ, ಸಂಯಮ ತೋರಿದವರ ಪಾಲಿಗೆ ಉಳಿಯುವುದು ಬರೀ ನಷ್ಟ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆಯ ಲೆಕ್ಕದಂತೆ, 1974ರಲ್ಲಿ ಜಗತ್ತಿನ ಕಡಲಮೀನಿನ ಸಂಗ್ರಹಗಳಲ್ಲಿ (ಅಂದರೆ ಒಂದೊಂದು ಕಡಲಪ್ರದೇಶದಲ್ಲಿ ಬದುಕುವ ಒಂದೊಂದು ಜಾತಿಯ ಮೀನಿನ ಸಮುದಾಯಗಳಲ್ಲಿ) ಸುಮಾರು ಶೇ. 10ರಷ್ಟು ಮಾತ್ರ ಮಿತಿಮೀರಿ ಹಿಡಿಯಲ್ಪಟ್ಟಿದ್ದವು. 2021ರ ಹೊತ್ತಿಗೆ ಆ ಪ್ರಮಾಣ ಶೇ. 37.7ಕ್ಕೆ ಏರಿತ್ತು. ಎಂಜಿನ್ನುಗಳು ದೊಡ್ಡದಾದವು, ಶಬ್ದದ ಅಲೆಗಳಿಂದ ಮೀನನ್ನು ಪತ್ತೆಹಚ್ಚುವ ಸೋನಾರ್ ಬಂತು, ಉಪಗ್ರಹದ ನೆರವು ಬಂತು. ಆದರೂ ನೈಸರ್ಗಿಕ ಜಲಮೂಲಗಳಿಂದ ಹಿಡಿದ ಮೀನಿನ ಒಟ್ಟು ತೂಕ 1980ರ ದಶಕದ ಕೊನೆಯಿಂದ ವರ್ಷಕ್ಕೆ 9 ಕೋಟಿ ಟನ್ನಿನ ಆಸುಪಾಸಿನಲ್ಲೇ ನಿಂತಿದೆ.

ಹಿಡಿಯದೆ ಬಿಟ್ಟವರಿಗೆ ಸಿಗುವುದೇನು ಎಂಬ ಪ್ರಶ್ನೆಗೆ ನೂರು ವರ್ಷಕ್ಕೂ ಹಿಂದೆಯೇ ಒಂದು ಉತ್ತರ ಸಿಕ್ಕಿತ್ತು. ಅಲಾಸ್ಕಾದ ಪಶ್ಚಿಮಕ್ಕಿರುವ ಬೇರಿಂಗ್ ಸಮುದ್ರದಲ್ಲಿ, ಅಮೆರಿಕಕ್ಕೆ ಸೇರಿದ ಪ್ರಿಬಿಲೋಫ್ ದ್ವೀಪಗಳಲ್ಲಿ ಮರಿ ಹಾಕುವ ತುಪ್ಪಳದ ಸೀಲ್‌ಗಳನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹಲವು ದೇಶಗಳ ಹಡಗುಗಳು ನಡುಕಡಲಿನಲ್ಲೇ ಹೊಡೆದು ಕೊಲ್ಲುತ್ತಿದ್ದವು. ಕೊಂದವುಗಳಲ್ಲಿ ಬಹಳಷ್ಟು ಕೈಗೆ ಸಿಗುವ ಮೊದಲೇ ಮುಳುಗಿಹೋಗುತ್ತಿದ್ದವು. ಆಹಾರ ಹುಡುಕುತ್ತಾ ಕಡಲಿಗೆ ಬಂದ ತಾಯಿ ಸೀಲ್ ಸತ್ತರೆ, ದಡದಲ್ಲಿದ್ದ ಮರಿಯೂ ಹಾಲಿಲ್ಲದೆ ಸಾಯುತ್ತಿತ್ತು. 1911ರಲ್ಲಿ ಅಮೆರಿಕ, ರಷ್ಯಾ, ಜಪಾನ್ ಮತ್ತು ಕೆನಡಾದ ಪರವಾಗಿ ಬ್ರಿಟನ್ ಸೇರಿ ಮಾಡಿಕೊಂಡ ಒಪ್ಪಂದ ನಡುಕಡಲಿನ ಬೇಟೆಯನ್ನು ನಿಲ್ಲಿಸಿತು. ಅದರ ಮುಖ್ಯ ಅಂಶ ನಿಷೇಧವಲ್ಲ. ಬೇಟೆ ಬಿಟ್ಟ ಜಪಾನ್ ಮತ್ತು ಕೆನಡಾಗಳಿಗೆ, ಅಮೆರಿಕ ತನ್ನ ದ್ವೀಪಗಳಲ್ಲಿ ಮಿತವಾಗಿ ತೆಗೆಯುವ ಚರ್ಮಗಳಲ್ಲಿ ತಲಾ ಶೇ. 15ರ ಪಾಲು ಕೊಡಬೇಕೆಂದು ಅದರಲ್ಲಿ ಬರೆಯಲಾಗಿತ್ತು. ಹೀಗಾಗಿ ಸೀಲ್‌ಗಳ ಸಂತತಿ ಹೆಚ್ಚಿದಷ್ಟೂ ಬೇಟೆ ಬಿಟ್ಟವರ ಆದಾಯವೂ ಹೆಚ್ಚುತ್ತಿತ್ತು. ಕೆಲವೇ ದಶಕಗಳಲ್ಲಿ ಅವುಗಳ ಸಂಖ್ಯೆ ಹಲವು ಪಟ್ಟು ಬೆಳೆಯಿತು.

ಇದಕ್ಕೆ ಎದುರಾಗಿ 1946ರ ತಿಮಿಂಗಿಲ ಬೇಟೆಯ ಒಪ್ಪಂದವನ್ನು ನೋಡಿ. ಅಂಟಾರ್ಕ್ಟಿಕ್ ಕಡಲಿಗೆ ‘ನೀಲಿ ತಿಮಿಂಗಿಲ ಮಾನ’ ಎಂಬ ಒಂದೇ ಲೆಕ್ಕವಿತ್ತು. ಒಂದು ನೀಲಿ ತಿಮಿಂಗಿಲ, ಇಲ್ಲವೇ ಬೇರೆ ಜಾತಿಯ ತಿಮಿಂಗಿಲಗಳಾದ ಎರಡು ಫಿನ್, ಎರಡೂವರೆ ಹಂಪ್‌ಬ್ಯಾಕ್, ಆರು ಸೇಯ್ ಎಲ್ಲವೂ ಒಂದೊಂದು ಮಾನ. ವರ್ಷಕ್ಕೆ ಒಟ್ಟು 16,000 ಮಾನ. ಯಾವ ದೇಶಕ್ಕೆ ಎಷ್ಟು ಪಾಲು ಎಂಬುದನ್ನು ಗೊತ್ತುಮಾಡದೆ ಒಟ್ಟು ಮಿತಿಯನ್ನಷ್ಟೇ ಹೇಳಿದ್ದರಿಂದ, ಋತು ಶುರುವಾದ ದಿನದಿಂದ ಮಿತಿ ಮುಗಿಯುವವರೆಗೆ ಎಲ್ಲ ದೇಶದ ಹಡಗುಗಳೂ ಪೈಪೋಟಿಗೆ ಬಿದ್ದು ಅತಿ ದೊಡ್ಡ ತಿಮಿಂಗಿಲಗಳನ್ನೇ ಮೊದಲು ಕೊಂದವು. ಪಾಲು ಹೇಳದ ಮಿತಿ ಓಟದ ಸ್ಪರ್ಧೆಗೆ ಗೆರೆ ಎಳೆದಂತಾಯಿತೇ ಹೊರತು ತಡೆಯಾಗಲಿಲ್ಲ. ವಾಣಿಜ್ಯ ಬೇಟೆಯನ್ನೇ ನಿಲ್ಲಿಸುವ ತೀರ್ಮಾನಕ್ಕೆ 1982ರವರೆಗೆ ಕಾಯಬೇಕಾಯಿತು.

1911ರಲ್ಲಿ ಗೊತ್ತಿದ್ದ ಈ ಉಪಾಯವನ್ನು ನಂತರದ ಕಡಲ ಒಪ್ಪಂದಗಳು ಏಕೆ ಕೈಬಿಟ್ಟವು?

ತೂಕದಕಲ್ಲು:

ನೀಲಿಶಾಯಿಯವರೇ, ಸೀಲ್‌ಗಳ ಉದಾಹರಣೆ ಚೆನ್ನಾಗಿದೆ, ಆದರೆ ತೀರ ಅನುಕೂಲಕರವಾದ ಉದಾಹರಣೆ. ಸೀಲ್ ಪ್ರತಿ ವರ್ಷ ಅದೇ ದಡಕ್ಕೆ ಮರಳುತ್ತದೆ, ಮರಿಗಳನ್ನು ಎಣಿಸಬಹುದು, ದ್ವೀಪಕ್ಕೆ ಒಬ್ಬ ಒಡೆಯನಿದ್ದಾನೆ, ಒಪ್ಪಂದಕ್ಕೆ ಕೂತವರು ನಾಲ್ಕೇ ದೇಶದವರು. ಮೀನಿಗೆ ಇವುಗಳಲ್ಲಿ ಒಂದೂ ಅನ್ವಯಿಸುವುದಿಲ್ಲ. ನೀರಿನೊಳಗಿನ ಮೀನನ್ನು ಎಣಿಸುವುದೇ ಮೊದಲ ತೊಡಕು, ಪಾಲಿನ ಪ್ರಶ್ನೆ ಆಮೇಲಿನದು.

ಕೆನಡಾದ ಪೂರ್ವ ಕರಾವಳಿಯ ನ್ಯೂಫೌಂಡ್‌ಲ್ಯಾಂಡಿನ ಕಾಡ್ ಮೀನಿನ ಕಥೆಯಲ್ಲಿ ಪಾಲಿನ ಜಗಳ ದೊಡ್ಡದಾಗಿರಲಿಲ್ಲ. 1960ರ ದಶಕದಲ್ಲಿ ದೂರದೇಶಗಳ ಭಾರಿ ಟ್ರಾಲರ್‌ಗಳು ಬಂದು ಬಾಚಿದ್ದು ನಿಜ. 1968ರಲ್ಲಿ ಉತ್ತರದ ಕಾಡ್ ಮೀನಿನ ಹಿಡಿತ 8 ಲಕ್ಷ ಟನ್ ಮುಟ್ಟಿತ್ತು. ಆದರೆ 1977ರಲ್ಲಿ ಕೆನಡಾ ತನ್ನ ಮೀನುಗಾರಿಕೆಯ ಗಡಿಯನ್ನು 200 ನಾಟಿಕಲ್ ಮೈಲಿಗೆ ವಿಸ್ತರಿಸಿದ ಮೇಲೆ ಆ ಮೀನಿನ ಬಹುಪಾಲು ಒಂದೇ ದೇಶದ ಅಧಿಕಾರಕ್ಕೆ ಬಂದಿತ್ತು. ಹಾಗಿದ್ದೂ 1992ರ ಜುಲೈ 2ರಂದು ಅಲ್ಲಿ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಸುಮಾರು 30,000 ಜನ ಕೆಲಸ ಕಳೆದುಕೊಂಡರು. ವಾಣಿಜ್ಯ ಮೀನುಗಾರಿಕೆಗೆ ಮತ್ತೆ ಅನುಮತಿ ಸಿಕ್ಕಿದ್ದು 2024ರಲ್ಲಿ, ಅದೂ 18,000 ಟನ್‌ಗೆ ಮಾತ್ರ.

ತಪ್ಪಿದ್ದು ಲೆಕ್ಕದಲ್ಲಿ. ಕಾಡ್ ಮೀನುಗಳು ಕಡಿಮೆಯಾದಂತೆ ಉಳಿದವು ಚದುರಿ ಹೋಗಲಿಲ್ಲ, ಒತ್ತಾಗಿ ಗುಂಪುಗೂಡಿದವು. ಸೋನಾರ್ ಇರುವ ಟ್ರಾಲರ್‌ಗೆ ಅಂಥ ಗುಂಪನ್ನು ಹುಡುಕುವುದು ಕಷ್ಟವಲ್ಲ. ಒಂದು ಗಂಟೆ ಬಲೆ ಎಳೆದರೆ ಸಿಗುವ ಮೀನಿನ ತೂಕ ಹಿಂದಿನಷ್ಟೇ ಇತ್ತು. ಆ ಅಂಕಿಯನ್ನು ಕಡಲಿನ ಸಮೃದ್ಧಿಯ ಗುರುತೆಂದು ಓದಿದವರಿಗೆ, ಒಟ್ಟು ಸಂಗ್ರಹ ಕರಗಿದ್ದು ಕೊನೆಯ ಗುಂಪುಗಳೂ ಬಲೆಗೆ ಬಿದ್ದ ಮೇಲೆ ತಿಳಿಯಿತು. ಪಾಲು ಎಷ್ಟೇ ನ್ಯಾಯವಾಗಿರಲಿ, ಇಲ್ಲದ ಮೀನನ್ನು ಇದೆ ಎಂದು ಹಂಚಿಕೊಂಡರೆ ಫಲವೇನು?

ದಿಕ್ಸೂಚಿ:

ಇಬ್ಬರ ಮಾತಿನಲ್ಲೂ ಬಾರದ ವಿಷಯವೊಂದಿದೆ. ಸಂಯಮ ತೋರಿದವರಿಗೆ ಏನೂ ಸಿಗುವುದಿಲ್ಲ ಎನ್ನುತ್ತೀರಿ. ಸಂಯಮ ಬಿಟ್ಟವರಿಗೆ ಸರ್ಕಾರಗಳೇ ಹಣ ಕೊಡುತ್ತಿವೆ. 2018ರಲ್ಲಿ ಜಗತ್ತಿನ ಸರ್ಕಾರಗಳು ಮೀನುಗಾರಿಕೆಗೆ ಕೊಟ್ಟ ಸಬ್ಸಿಡಿ ಸುಮಾರು 35.4 ಶತಕೋಟಿ ಡಾಲರ್ ಎಂದೂ, ಅದರಲ್ಲಿ 22.2 ಶತಕೋಟಿ ಡಾಲರ್ ಇಂಧನ, ಹೊಸ ಹಡಗು ಮುಂತಾಗಿ ಹಿಡಿಯುವ ಸಾಮರ್ಥ್ಯವನ್ನೇ ಹೆಚ್ಚಿಸುವ ಬಾಬತ್ತಿಗೆ ಹೋಯಿತೆಂದೂ ಅರ್ಥಶಾಸ್ತ್ರಜ್ಞ ರಶೀದ್ ಸುಮೈಲಾ ಮತ್ತು ಸಂಗಡಿಗರು ಅಂದಾಜು ಮಾಡಿದ್ದಾರೆ. ಈ ಹಣ ಮತ್ತು ಅಗ್ಗದ ಕೂಲಿ ಇಲ್ಲದಿದ್ದರೆ ಆಳಸಮುದ್ರದಲ್ಲಿ, ಅಂದರೆ ಯಾವ ದೇಶದ ಗಡಿಗೂ ಸೇರದ ಕಡಲಿನಲ್ಲಿ, ಈಗ ಮೀನು ಹಿಡಿಯುತ್ತಿರುವ ಪ್ರದೇಶಗಳಲ್ಲಿ ಅರ್ಧಕ್ಕಿಂತ ಹೆಚ್ಚಿನ ಕಡೆ ಮೀನುಗಾರಿಕೆ ಗಿಟ್ಟುವುದೇ ಇಲ್ಲ ಎಂದು 2018ರ ಮತ್ತೊಂದು ಅಧ್ಯಯನ ತೋರಿಸಿತು.

ವಿಶ್ವ ವ್ಯಾಪಾರ ಸಂಘಟನೆಯ ಮೀನುಗಾರಿಕಾ ಸಬ್ಸಿಡಿ ಒಪ್ಪಂದಕ್ಕೆ 2022ರ ಜೂನ್‌ನಲ್ಲಿ ಒಪ್ಪಿಗೆ ದೊರೆಯಿತು, 2025ರ ಸೆಪ್ಟೆಂಬರ್‌ನಲ್ಲಿ ಅದು ಜಾರಿಗೆ ಬಂತು. ಅಕ್ರಮ ಮೀನುಗಾರಿಕೆಗೆ ಮತ್ತು ಈಗಾಗಲೇ ಬರಿದಾದ ಸಂಗ್ರಹಗಳ ಮೇಲಿನ ಮೀನುಗಾರಿಕೆಗೆ ಕೊಡುವ ಹಣವನ್ನು ಅದು ತಡೆಯುತ್ತದೆ. ಅತಿಯಾದ ಹಡಗು ಸಾಮರ್ಥ್ಯವನ್ನು ಸಾಕುವ ಹಣದ ಪ್ರಶ್ನೆಯನ್ನು ಮುಂದಿನ ಮಾತುಕತೆಗೆ ಬಿಟ್ಟಿದ್ದಾರೆ. ತೊಡಕಿನ ಭಾಗವೇ ಅದು.

ಗಾಳದಕೊಕ್ಕೆ:

ಚರ್ಚೆ ಇಲ್ಲಿಯವರೆಗೆ ಹಿಡಿಯಬೇಕೆಂದು ಹೊರಟ ಜೀವಿಯ ಸುತ್ತಲೇ ನಡೆದಿದೆ. ಹಿಡಿಯಬೇಕೆಂದು ಯಾರೂ ಬಯಸದೆ ಸಾಯುವ ಜೀವಿಗಳ ವಿಷಯದಲ್ಲಿ ಪಾಲಿನ ತರ್ಕ ಎಲ್ಲಿ ನಿಲ್ಲುತ್ತದೆ ಎಂದು ಕೇಳಬೇಕೆನಿಸುತ್ತದೆ.

ಆಲ್ಬಟ್ರಾಸ್ ಎಂಬ ದೊಡ್ಡ ಕಡಲಹಕ್ಕಿ ಸಾಯುವ ರೀತಿಯನ್ನು ಗಮನಿಸಿ. ಉದ್ದಗಾಳದ ಹಡಗು ಹಿಂಬದಿಯಿಂದ ಹತ್ತಾರು ಕಿಲೋಮೀಟರ್ ಉದ್ದದ ಹಗ್ಗವನ್ನು ಬಿಡುತ್ತಾ ಹೋಗುತ್ತದೆ. ಅದಕ್ಕೆ ಸಾವಿರಾರು ಕೊಕ್ಕೆಗಳು, ಪ್ರತಿ ಕೊಕ್ಕೆಗೂ ಒಂದು ಎರೆ. ಹಗ್ಗ ಮುಳುಗುವ ಮುನ್ನ ಎರೆ ಸ್ವಲ್ಪ ಹೊತ್ತು ಮೇಲ್ಮಟ್ಟದಲ್ಲೇ ತೇಲುತ್ತದೆ. ಹಡಗಿನ ಹಿಂದೆ ಬರುವ ಹಕ್ಕಿ ಆ ಹೊತ್ತಿನಲ್ಲೇ ಎರಗುತ್ತದೆ, ಕೊಕ್ಕೆ ಸಿಕ್ಕಿಕೊಳ್ಳುತ್ತದೆ, ಹಗ್ಗದ ಭಾರ ಅದನ್ನು ನೀರಿನೊಳಕ್ಕೆ ಎಳೆದೊಯ್ಯುತ್ತದೆ. ಇದಕ್ಕೆ ಪರಿಹಾರ ದುಬಾರಿಯೂ ಅಲ್ಲ, ಜಟಿಲವೂ ಅಲ್ಲ. ಎರೆ ಬೇಗ ಮುಳುಗುವಂತೆ ತೂಕ ಕಟ್ಟುವುದು, ಹಕ್ಕಿಗಳನ್ನು ಬೆದರಿಸಲು ಬಣ್ಣದ ಪಟ್ಟಿಗಳ ದಾರವನ್ನು ಹಡಗಿನ ಹಿಂದೆ ಎಳೆಯುವುದು, ರಾತ್ರಿ ಹೊತ್ತು ಮಾತ್ರ ಗಾಳ ಬಿಡುವುದು. ದಕ್ಷಿಣ ಅಟ್ಲಾಂಟಿಕ್‌ನ ದಕ್ಷಿಣ ಜಾರ್ಜಿಯಾ ದ್ವೀಪದ ಸುತ್ತ ಈ ನಿಯಮಗಳನ್ನು ಬಿಗಿಯಾಗಿ ಜಾರಿ ಮಾಡಿದ ಮೇಲೆ, ಋತುವಿಗೆ ಸಾವಿರಾರಿದ್ದ ಹಕ್ಕಿಗಳ ಸಾವು ಬೆರಳೆಣಿಕೆಗೆ ಇಳಿಯಿತು. ಆದರೆ ಅಲ್ಲಿ ಗೂಡು ಕಟ್ಟುವ ಹಕ್ಕಿ ಆಹಾರಕ್ಕಾಗಿ ಸಾವಿರಾರು ಕಿಲೋಮೀಟರ್ ಹಾರಿ, ಮೀನುಗಾರಿಕೆಯ ನಿಯಮ ಮಾಡುವ ಬೇರೆ ಪ್ರಾದೇಶಿಕ ಆಯೋಗಗಳ ಕಡಲಿಗೆ ಹೋಗುತ್ತದೆ, ಅಲ್ಲಿ ಸಾಯುತ್ತದೆ.

ಶಾರ್ಕ್‌ಗಳ ಸ್ಥಿತಿ ಇನ್ನೂ ಕೆಟ್ಟದ್ದು. ತೆರೆದ ಕಡಲಿನ ಶಾರ್ಕ್ ಮತ್ತು ತೊರಕೆಗಳ ಸಂಖ್ಯೆ 1970ರಿಂದ ಶೇ. 71ರಷ್ಟು ಕುಸಿದಿದೆ ಎಂದು 2021ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಇವು ತಡವಾಗಿ ಪ್ರಾಯಕ್ಕೆ ಬಂದು ಕೆಲವೇ ಮರಿ ಹಾಕುವ ಜೀವಿಗಳು. ಟ್ಯೂನಾ ಮೀನು ತಡೆದುಕೊಳ್ಳುವ ಒತ್ತಡವನ್ನು ಇವು ತಡೆದುಕೊಳ್ಳಲಾರವು.

ಇನ್ನು ಪರಿಹಾರದ ಹಣದ ಮಾತು. ಕ್ಯಾಲಿಫೋರ್ನಿಯಾ ಕೊಲ್ಲಿಯಲ್ಲಿ ಮಾತ್ರ ಇರುವ ವಕೀಟಾ ಎಂಬ ಪುಟ್ಟ ಕಡಲ ಸಸ್ತನಿ ಈಗ ಹತ್ತರ ಆಸುಪಾಸಿನಲ್ಲಷ್ಟೇ ಉಳಿದಿದೆ. ಅದನ್ನು ಯಾರೂ ಬೇಟೆಯಾಡುವುದಿಲ್ಲ. ಸಿಗಡಿ ಮತ್ತು ಟೊಟೊವಾಬಾ ಮೀನಿಗೆಂದು ಬಿಟ್ಟ, ಮೀನಿನ ಕಿವಿರು ಸಿಕ್ಕಿಕೊಳ್ಳುವಂತೆ ಹೆಣೆದ ಗಿಲ್ ಬಲೆಗೆ ಸಿಕ್ಕಿ, ಉಸಿರಾಡಲು ಮೇಲೆ ಬರಲಾಗದೆ ಸಾಯುತ್ತದೆ. 2015ರಲ್ಲಿ ಮೆಕ್ಸಿಕೊ ಸರ್ಕಾರ ಎರಡು ವರ್ಷದ ಮಟ್ಟಿಗೆ ಆ ಬಲೆಗಳನ್ನು ನಿಷೇಧಿಸಿ ಮೀನುಗಾರರಿಗೆ ಪರಿಹಾರ ಕೊಟ್ಟಿತು, ನಂತರ ನಿಷೇಧವನ್ನು ಕಾಯಂ ಮಾಡಿತು. ಪರಿಹಾರದ ಹಣ ಪರವಾನಗಿ ಹೊಂದಿದವರನ್ನು ಆಧರಿಸಿ ಹಂಚಿಕೆಯಾದದ್ದರಿಂದ, ದೋಣಿಯಲ್ಲಿ ದುಡಿಯುವವರಿಗೆ ಅದು ಸರಿಯಾಗಿ ತಲುಪಲಿಲ್ಲವೆಂಬ ದೂರು ಎದ್ದಿತು. ಅತ್ತ ಟೊಟೊವಾಬಾದ ಗಾಳಿಚೀಲಕ್ಕೆ ಕಳ್ಳಸಂತೆಯಲ್ಲಿ ಸಾವಿರಾರು ಡಾಲರ್ ಬೆಲೆ. ಯಾವ ಸರ್ಕಾರದ ಪರಿಹಾರ ಅದರೊಂದಿಗೆ ಸ್ಪರ್ಧಿಸೀತು? ನೀಲಿಶಾಯಿಯವರ ಸೂತ್ರ ಇಲ್ಲಿ ಪ್ರಯೋಗವಾಗಿದೆ, ಫಲ ಕೊಟ್ಟಿಲ್ಲ.

ನೀಲಿಶಾಯಿ:

ಗಾಳದಕೊಕ್ಕೆಯವರೇ, ವಕೀಟಾದ ವಿಷಯದಲ್ಲಿ ಕೊಟ್ಟದ್ದು ಪರಿಹಾರ, ಪಾಲಲ್ಲ. ಈ ವ್ಯತ್ಯಾಸ ನನ್ನ ವಾದದ ಜೀವಾಳ. ವಕೀಟಾ ಹತ್ತಿದ್ದರೂ ಸಾವಿರವಿದ್ದರೂ ಮೀನುಗಾರನ ಕೈಗೆ ಬರುವ ಪರಿಹಾರ ಅಷ್ಟೇ. ಅದರ ಬದುಕಿಗೂ ಅವನ ಆದಾಯಕ್ಕೂ ನಂಟಿಲ್ಲ. 1911ರ ಒಪ್ಪಂದದಲ್ಲಿ ಆ ನಂಟಿತ್ತು. ಮಾರಾಟಕ್ಕಿಲ್ಲದ ಜೀವಿಗೆ ಅಂಥ ನಂಟನ್ನು ಕಟ್ಟುವುದು ಕಷ್ಟವೆಂಬುದು ನಿಜ. ಅಲ್ಲಿ ಗಿಲ್ ಬಲೆಯ ಜಾಗಕ್ಕೆ ಬೇರೆ ಬಲೆ ಮತ್ತು ಆ ಬಲೆಯ ಸಿಗಡಿಗೆ ಹೆಚ್ಚಿನ ಬೆಲೆ ದೊರಕಿಸಬೇಕಿತ್ತು.

ಮೀನಿನ ವಿಷಯದಲ್ಲಿ ಪಾಲಿನ ತರ್ಕ ನಡೆಯುತ್ತಿರುವ ಉದಾಹರಣೆ ಪಶ್ಚಿಮ ಪೆಸಿಫಿಕ್‌ನಲ್ಲಿದೆ. ಮೈಕ್ರೊನೇಷ್ಯಾ, ಕಿರಿಬಾಟಿ, ಮಾರ್ಷಲ್ ದ್ವೀಪಗಳು, ನೌರು, ಪಲಾವ್, ಪಪುವಾ ನ್ಯೂಗಿನಿ, ಸಾಲೊಮನ್ ದ್ವೀಪಗಳು, ಟುವಾಲು ಎಂಬ ಎಂಟು ದೇಶಗಳು 1982ರಲ್ಲಿ ಆದ ನೌರು ಒಪ್ಪಂದದಡಿ ಒಗ್ಗೂಡಿವೆ. ಅವುಗಳ ನೀರಿನಲ್ಲಿ ಸ್ಕಿಪ್‌ಜಾಕ್ ಟ್ಯೂನಾ ಹೇರಳ. ಅದನ್ನು ಹಿಡಿಯುವವರು ಹೆಚ್ಚಾಗಿ ಹೊರಗಿನವರು. ಮೊದಲು ಒಂದೊಂದು ದೇಶವೂ ಪ್ರತ್ಯೇಕವಾಗಿ ಪರವಾನಗಿ ಮಾರುತ್ತಿದ್ದಾಗ ಹಡಗಿನವರು ಕಡಿಮೆ ಶುಲ್ಕದ ಕಡೆಗೆ ವಾಲುತ್ತಿದ್ದರು. ಈಗ ಎಂಟೂ ದೇಶಗಳು ಸೇರಿ, ವರ್ಷಕ್ಕೆ ಒಟ್ಟು ಇಷ್ಟು ‘ಹಡಗು-ದಿನ’ಗಳು ಎಂದು ಗೊತ್ತುಮಾಡಿ, ತಮ್ಮೊಳಗೆ ಹಂಚಿಕೊಂಡು, ದಿನಕ್ಕೆ ಕನಿಷ್ಠ 8,000 ಡಾಲರ್‌ನಂತೆ ಮಾರುತ್ತವೆ. ತಮ್ಮ ನೀರಿನಲ್ಲಿ ಮೀನು ಹಿಡಿಯಲು ಬರುವವರು, ಈ ದೇಶಗಳ ನಡುವೆ ಸಿಕ್ಕಿಕೊಂಡಿರುವ ಆಳಸಮುದ್ರದ ತುಂಡುಗಳಲ್ಲಿ ಬಲೆ ಹಾಕಬಾರದೆಂಬ ಷರತ್ತನ್ನೂ ವಿಧಿಸಿದವು. ಆಳಸಮುದ್ರದ ಮೇಲೆ ಯಾರಿಗೂ ಅಧಿಕಾರವಿಲ್ಲ ಎನ್ನುವವರು ಈ ಜಾಣ ನಡೆಯನ್ನು ಗಮನಿಸಬೇಕು.

ಈ ವ್ಯವಸ್ಥೆಯಲ್ಲೂ ಸೋರಿಕೆಯಿದೆ. ಹಡಗಿನ ಸಾಮರ್ಥ್ಯ ಬೆಳೆದಂತೆ ಅದೇ ಒಂದು ದಿನದಲ್ಲಿ ಹಿಡಿಯುವ ಮೀನು ಹೆಚ್ಚುತ್ತದೆ. ನೀರು ಬಿಸಿಯಾದಂತೆ ಟ್ಯೂನಾ ಪೂರ್ವಕ್ಕೆ, ಈ ದೇಶಗಳ ಗಡಿಯಾಚೆಗೆ ಸರಿಯುವ ಸಂಭವವೂ ಇದೆ. ಆಗ ಪಾಲಿನ ಲೆಕ್ಕವನ್ನೇ ಮತ್ತೆ ಬರೆಯಬೇಕಾಗುತ್ತದೆ.

ತೂಕದಕಲ್ಲು:

ಎಂಟು ದೇಶಗಳಿಗೆ ಸ್ವಂತ ಕಡಲಿದೆ, ಬಾಗಿಲಲ್ಲಿ ನಿಂತು ಶುಲ್ಕ ಕೇಳಬಲ್ಲವು. ಯಾರ ಮಾತಿಗೂ ಒಳಪಡದ ಹಡಗನ್ನು ಏನು ಮಾಡುತ್ತೀರಿ? ‘ಥಂಡರ್’ ಎಂಬ ಹಡಗು ವರ್ಷಗಟ್ಟಲೆ ಹೆಸರು, ಧ್ವಜ ಬದಲಿಸುತ್ತಾ ಅಂಟಾರ್ಕ್ಟಿಕಾದ ಸುತ್ತಲಿನ ದಕ್ಷಿಣ ಸಾಗರದಲ್ಲಿ ಟೂತ್‌ಫಿಶ್ ಎಂಬ ಮೀನನ್ನು ಕದಿಯುತ್ತಿತ್ತು. ಇಂಟರ್‌ಪೋಲ್ ನೋಟಿಸ್ ಇದ್ದರೂ ಅದನ್ನು ಕೊನೆಗೆ ಬೆನ್ನಟ್ಟಿದ್ದು ಯಾವ ದೇಶದ ನೌಕಾಪಡೆಯೂ ಅಲ್ಲ, ಸೀ ಶೆಫರ್ಡ್ ಎಂಬ ಸ್ವಯಂಸೇವಾ ಸಂಸ್ಥೆಯ ಹಡಗುಗಳು. 2014ರ ಡಿಸೆಂಬರ್‌ನಿಂದ 110 ದಿನ ನಡೆದ ಆ ಬೆನ್ನಟ್ಟುವಿಕೆ 2015ರ ಏಪ್ರಿಲ್‌ನಲ್ಲಿ, ಆಫ್ರಿಕಾದ ಪಶ್ಚಿಮಕ್ಕಿರುವ ಸಾವೊ ಟೋಮೆ ದ್ವೀಪದ ಸಮೀಪ ಥಂಡರ್ ಮುಳುಗುವುದರೊಂದಿಗೆ ಮುಗಿಯಿತು. ಸಿಬ್ಬಂದಿಯನ್ನು ರಕ್ಷಿಸಿದ್ದೂ ಬೆನ್ನಟ್ಟಿದವರೇ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬ ಗಾದೆಯನ್ನು ಇಲ್ಲಿ ತಿರುಗಿಸಿ ಓದಬಹುದು. ನೀರಿಗಿಳಿದ ಹಡಗು ಎಂದಾದರೂ ಬಂದರಿಗೆ ಬರಲೇಬೇಕು, ಅಲ್ಲಿ ಮೀನು ಇಳಿಸಲೇಬೇಕು. 2016ರಲ್ಲಿ ಜಾರಿಗೆ ಬಂದ ಬಂದರು ರಾಷ್ಟ್ರಗಳ ಕ್ರಮಗಳ ಒಪ್ಪಂದ ಹಿಡಿದಿರುವ ದಾರಿ ಇದೇ. ಅನುಮಾನವಿರುವ ಹಡಗಿಗೆ ಬಂದರು ಕೊಡದಿರುವುದು ನಡುಕಡಲಿನಲ್ಲಿ ಬೆನ್ನಟ್ಟುವುದಕ್ಕಿಂತ ಅಗ್ಗ. ಆದರೆ ನಡುಕಡಲಿನಲ್ಲೇ ಮೀನನ್ನು ಬೇರೆ ಹಡಗಿಗೆ ದಾಟಿಸಿ, ನ್ಯಾಯವಾಗಿ ಹಿಡಿದದ್ದರ ಜೊತೆ ಬೆರೆಸಿಬಿಟ್ಟರೆ ಬಂದರಿನ ಅಧಿಕಾರಿಗೆ ಗುರುತು ಸಿಗುವುದಿಲ್ಲ. ಉಪಗ್ರಹ ಚಿತ್ರಗಳನ್ನು, ಹಡಗುಗಳು ತಾವಿರುವ ಜಾಗ ತಿಳಿಸಲು ಹೊರಡಿಸುವ ಸಂಕೇತಗಳೊಂದಿಗೆ ಹೋಲಿಸಿ ನೋಡಿದ 2024ರ ಅಧ್ಯಯನವೊಂದರ ಪ್ರಕಾರ, ಕೈಗಾರಿಕಾ ಮೀನುಗಾರಿಕೆಯ ಹಡಗುಗಳಲ್ಲಿ ಸುಮಾರು ಮುಕ್ಕಾಲು ಪಾಲು ಸಾರ್ವಜನಿಕ ಜಾಡಿಗೆ ಸಿಗುವುದೇ ಇಲ್ಲ. ಅವೆಲ್ಲವೂ ಅಕ್ರಮ ಹಡಗುಗಳೆಂದು ಇದರ ಅರ್ಥವಲ್ಲ. ಎಷ್ಟು ಹಿಡಿಯುತ್ತಿವೆ ಎಂಬುದನ್ನು ಹೊರಗಿನವರು ಪರಿಶೀಲಿಸಲಾರರು ಎಂದರ್ಥ.

ಕರಡುಪ್ರತಿ:

ಒಪ್ಪಂದಗಳ ಪಠ್ಯವನ್ನು ಓದುವ ಅಭ್ಯಾಸವಿರುವುದರಿಂದ, ನೀಲಿಶಾಯಿಯವರ ಮೂಲ ಪ್ರಶ್ನೆಗೆ ಮರಳುತ್ತೇನೆ. ದೇಶಗಳ ಗಡಿಯಾಚೆಗಿನ ಕಡಲಿನ ಜೀವವೈವಿಧ್ಯದ ಒಪ್ಪಂದ 2023ರ ಜೂನ್‌ನಲ್ಲಿ ಅಂಗೀಕಾರವಾಗಿ, 2026ರ ಜನವರಿ 17ರಂದು ಜಾರಿಗೆ ಬಂತು. ಗಡಿಯಾಚೆಗಿನ ಈ ಕಡಲು ಸಾಗರದ ಮೇಲ್ಮೈಯ ಸುಮಾರು ಮೂರನೆಯ ಎರಡು ಭಾಗ. ಅಲ್ಲಿ ಸಂರಕ್ಷಿತ ಪ್ರದೇಶ ಘೋಷಿಸಲು ಒಮ್ಮತ ಸಾಧ್ಯವಾಗದಿದ್ದರೆ ನಾಲ್ಕನೆಯ ಮೂರು ಬಹುಮತ ಸಾಕೆಂದು ಈ ಒಪ್ಪಂದ ಹೇಳುತ್ತದೆ.

ಇದು ಸಣ್ಣ ಮಾತಲ್ಲ. ಅಂಟಾರ್ಕ್ಟಿಕ್ ಕಡಲಜೀವಿ ಸಂರಕ್ಷಣಾ ಆಯೋಗದಲ್ಲಿ ಒಂದು ದೇಶ ಬೇಡವೆಂದರೂ ತೀರ್ಮಾನ ಬಿದ್ದುಹೋಗುತ್ತದೆ. 2016ರಲ್ಲಿ ಒಪ್ಪಿಗೆಯಾದ ರಾಸ್ ಸಮುದ್ರದ ಸಂರಕ್ಷಿತ ಪ್ರದೇಶಕ್ಕೆ 35 ವರ್ಷದ ಅವಧಿಯ ಮಿತಿ ಹಾಕಿಯೇ ಎಲ್ಲರನ್ನೂ ಒಪ್ಪಿಸಬೇಕಾಯಿತು. ಪೂರ್ವ ಅಂಟಾರ್ಕ್ಟಿಕಾ ಮತ್ತು ವೆಡೆಲ್ ಸಮುದ್ರದ ಪ್ರಸ್ತಾವಗಳು ಚೀನಾ ಮತ್ತು ರಷ್ಯಾದ ವಿರೋಧದಿಂದ ವರ್ಷಗಳಿಂದ ನಿಂತಲ್ಲೇ ನಿಂತಿವೆ.

ಈಗ ಪಾಲಿನ ವಿಷಯ. ಹೊಸ ಒಪ್ಪಂದದಲ್ಲಿ ಲಾಭ ಹಂಚಿಕೆಯ ಇಡೀ ಅಧ್ಯಾಯವಿದೆ; ಆದರೆ ಅದು ಕಡಲಜೀವಿಗಳ ವಂಶವಾಹಿ ಸಂಪನ್ಮೂಲಕ್ಕೆ, ಅಂದರೆ ಔಷಧಿ ಮುಂತಾದವುಗಳಿಗೆ ಬಳಕೆಯಾಗಬಹುದಾದ ಜೀನುಗಳಿಗೆ ಸಂಬಂಧಿಸಿದ್ದು. ಸರಕಾಗಿ ಹಿಡಿಯುವ ಮೀನಿಗೆ ಆ ಅಧ್ಯಾಯ ಅನ್ವಯಿಸುವುದಿಲ್ಲ. ಮೀನಿನ ಅಧಿಕಾರವನ್ನು ಈಗಿರುವ ಪ್ರಾದೇಶಿಕ ಆಯೋಗಗಳಿಗೇ ಬಿಡಲಾಗಿದೆ. ಮುಂದೆಂದೋ ಬರಬಹುದಾದ ಲಾಭವನ್ನು ಹಂಚಿಕೊಳ್ಳಲು ಎಲ್ಲರೂ ಒಪ್ಪಿದರು, ಈಗಾಗಲೇ ಕೈಯಲ್ಲಿರುವುದನ್ನು ಹಂಚಿಕೊಳ್ಳಲು ಒಪ್ಪಲಿಲ್ಲ.

ಇದೇ ಮಾತನ್ನು ಮಧ್ಯ ಆರ್ಕ್ಟಿಕ್ ಸಾಗರದ ಒಪ್ಪಂದವೂ ಹೇಳುತ್ತದೆ. ಹಿಮ ಕರಗಿ ಅಲ್ಲಿ ವಾಣಿಜ್ಯ ಮೀನುಗಾರಿಕೆ ಶುರುವಾಗುವ ಮೊದಲೇ, 2018ರಲ್ಲಿ ಒಂಬತ್ತು ದೇಶಗಳು ಮತ್ತು ಯುರೋಪಿಯನ್ ಒಕ್ಕೂಟ ಸಹಿ ಹಾಕಿ, 2021ರಿಂದ 16 ವರ್ಷ ಅಲ್ಲಿ ಬಲೆ ಬಿಡುವುದಿಲ್ಲವೆಂದು ಒಪ್ಪಿಕೊಂಡವು. ಪರಸ್ಪರ ಕಣ್ಣೆತ್ತಿ ನೋಡದ ದೇಶಗಳೂ ಆ ಪಟ್ಟಿಯಲ್ಲಿವೆ. ಯಾರಿಗೂ ಆಗಿನ್ನೂ ಕಳೆದುಕೊಳ್ಳುವುದು ಏನೂ ಇರಲಿಲ್ಲ.

ಗಾಳದಕೊಕ್ಕೆ:

ಹಾಗಿದ್ದರೆ ಕಳೆದುಕೊಳ್ಳುವುದಿರುವ ಕಡೆ ಏನು ಬರೆಯುತ್ತೀರಿ? ನೀಲಿಶಾಯಿಯವರು ಒಂದು ನಿಯಮದ ಕರಡನ್ನಾದರೂ ಹೇಳಲಿ. ಈಗಿನ ಆಯೋಗಗಳಲ್ಲಿ ಪಾಲನ್ನು ಬಹುಮಟ್ಟಿಗೆ ಹಿಂದೆ ಯಾರು ಎಷ್ಟು ಹಿಡಿದಿದ್ದರು ಎಂಬುದರ ಆಧಾರದ ಮೇಲೆ ಹಂಚುತ್ತಾರೆ. ಅಂದರೆ ಕಡಲನ್ನು ಬರಿದು ಮಾಡಿದವರಿಗೇ ದೊಡ್ಡ ಪಾಲು. ಹಿಂದೂ ಮಹಾಸಾಗರದ ಟ್ಯೂನಾ ಆಯೋಗದಲ್ಲಿ ಕರಾವಳಿ ದೇಶಗಳಿಗೂ ದೂರದಿಂದ ಬರುವ ಹಡಗುಗಳ ದೇಶಗಳಿಗೂ ಇದೇ ವಿಷಯದಲ್ಲಿ 2011ರಿಂದ ಮಾತುಕತೆ ನಡೆಯುತ್ತಲೇ ಇದೆ.

ನೀಲಿಶಾಯಿ:

ಕರಡನ್ನು ದಕ್ಷಿಣ ಸಾಗರದ ಕ್ರಿಲ್ ಮೇಲೆ ಬರೆಯುತ್ತೇನೆ, ಏಕೆಂದರೆ ಅಲ್ಲಿ ಸಮಯ ಕಡಿಮೆಯಿದೆ. ಕ್ರಿಲ್ ಎಂಬ ಸಣ್ಣ ಸಿಗಡಿಯಂಥ ಜೀವಿಯನ್ನು ಪೆಂಗ್ವಿನ್, ಸೀಲ್ ಮತ್ತು ಬೇಟೆ ನಿಂತ ಮೇಲೆ ಚೇತರಿಸಿಕೊಳ್ಳುತ್ತಿರುವ ತಿಮಿಂಗಿಲಗಳು ತಿನ್ನುತ್ತವೆ; ಮನುಷ್ಯರು ಅದನ್ನು ಸಾಕುಮೀನಿನ ಮೇವಿಗೂ ಎಣ್ಣೆಯ ಗುಳಿಗೆಗಳಿಗೂ ಹಿಡಿಯುತ್ತಾರೆ. ಅಟ್ಲಾಂಟಿಕ್ ಬದಿಯ ಅಂಟಾರ್ಕ್ಟಿಕ್ ಕಡಲಿನಲ್ಲಿ ವರ್ಷಕ್ಕೆ 6,20,000 ಟನ್‌ಗಳ ಮಿತಿಯಿದೆ. ಆ ಹಿಡಿತ ಒಂದೇ ಜಾಗದಲ್ಲಿ ಸೇರದಂತೆ ನಾಲ್ಕು ಪ್ರದೇಶಗಳಿಗೆ ಹಂಚುತ್ತಿದ್ದ ನಿಯಮವನ್ನು ಮುಂದುವರಿಸಲು 2024ರಲ್ಲಿ ಅದೇ ಅಂಟಾರ್ಕ್ಟಿಕ್ ಆಯೋಗದಲ್ಲಿ ಒಮ್ಮತ ಸಿಗಲಿಲ್ಲ. ಮರುವರ್ಷವೇ, ಋತು ಮುಗಿಯುವ ಮೊದಲೇ ಮಿತಿ ತುಂಬಿ ಮೀನುಗಾರಿಕೆಯನ್ನು ನಿಲ್ಲಿಸಬೇಕಾಯಿತು. ಹಡಗುಗಳು ಪೆಂಗ್ವಿನ್ ಮತ್ತು ತಿಮಿಂಗಿಲಗಳು ಉಣ್ಣುವ ನೀರಿನಲ್ಲೇ ಒತ್ತಾಗಿ ಸೇರಿದ್ದವು. ಪಾಲಿಲ್ಲದ ಮಿತಿ, ಅದಕ್ಕಾಗಿ ಓಟ: 1946ರ ನೀಲಿ ತಿಮಿಂಗಿಲ ಮಾನದ ಕಥೆಯೇ ಮತ್ತೆ ನಡೆದಿದೆ.

ಕರಡು ಹೀಗಿರಲಿ. ಮಿತಿಯನ್ನು ಮೊದಲು ಪ್ರದೇಶಗಳಿಗೆ, ಆಮೇಲೆ ದೇಶಗಳಿಗೆ ಹಂಚಬೇಕು. ಕ್ರಿಲ್ ಹಿಡಿಯದ ಸದಸ್ಯ ದೇಶಗಳಿಗೂ ಪಾಲು ಕೊಡಬೇಕು. ಅವು ಅದನ್ನು ಹಿಡಿಯುವ ದೇಶಗಳಿಗೆ ಆ ವರ್ಷದ ಮಟ್ಟಿಗೆ ಬಾಡಿಗೆಗೆ ಕೊಡಬಹುದು ಅಥವಾ ಕಡಲಿನಲ್ಲೇ ಬಿಡಬಹುದು. ಮಿತಿಯನ್ನು ಐದು ವರ್ಷಕ್ಕೊಮ್ಮೆ ಹಡಗಿನ ಹಿಡಿತದ ಅಂಕಿಯಿಂದಲ್ಲ, ಸ್ವತಂತ್ರ ಸಮೀಕ್ಷೆಯಿಂದ ಗೊತ್ತುಮಾಡಬೇಕು. ತೂಕದಕಲ್ಲು ಅವರು ಹೇಳಿದ ಕಾಡ್ ಮೀನಿನ ಅನುಭವಕ್ಕೆ ಈ ಒಪ್ಪಂದದಲ್ಲಿ ಜಾಗವಿರಬೇಕೆಂಬುದೇ ಇದರ ಉದ್ದೇಶ. ಪ್ರತಿ ಹಡಗಿನಲ್ಲೂ ವೀಕ್ಷಕನಿರಬೇಕು, ನಡುಕಡಲಿನಲ್ಲಿ ಸರಕು ದಾಟಿಸುವಾಗಲೂ ಅವನ ಸಹಿ ಬೇಕು. ಬಾಡಿಗೆಯ ಒಂದು ಭಾಗ ಆ ಸಮೀಕ್ಷೆಗೇ ಹೋಗಲಿ.

ಕರಡುಪ್ರತಿ:

ಹಿಡಿಯದವರಿಗೂ ಪಾಲು ಎಂಬ ಸಾಲನ್ನು ಈಗ ಹಿಡಿಯುತ್ತಿರುವ ಬೆರಳೆಣಿಕೆಯ ದೇಶಗಳು ತಡೆಯುತ್ತವೆ, ಆ ಆಯೋಗದಲ್ಲಿ ತಡೆಯಲು ಒಂದು ದೇಶ ಸಾಕು. ಆ ಸಾಲನ್ನು ಉಳಿಸಬೇಕಾದರೆ ಮೊದಲ ಹತ್ತು ವರ್ಷ ಅವರ ಈಗಿನ ಪಾಲಿಗೆ ಕೈಹಾಕದೆ, ಮಿತಿ ಮುಂದೆ ಹೆಚ್ಚಾದರೆ ಆ ಹೆಚ್ಚಳದಲ್ಲಿ ಮಾತ್ರ ಇತರರಿಗೆ ಪಾಲು ಎಂದು ಬರೆಯಬೇಕಾಗುತ್ತದೆ. 2011ರಲ್ಲಿ 12,900 ಟನ್‌ಗೆ ಇಳಿಸಿದ್ದ ಪೂರ್ವ ಅಟ್ಲಾಂಟಿಕ್‌ನ ಬ್ಲೂಫಿನ್ ಟ್ಯೂನಾ ಕೋಟಾ, ಮೀನು ಚೇತರಿಸಿಕೊಂಡಂತೆ 2020ರಲ್ಲಿ 36,000 ಟನ್‌ಗೆ ಏರಿತು. ಹೀಗೆ ಏರುವ ಹೊತ್ತಿನಲ್ಲಿ ಹೊಸಬರಿಗೆ ಸ್ವಲ್ಪ ಪಾಲು ಕೊಡುವುದು, ಇದ್ದವರ ಕೈಯಿಂದ ಕಿತ್ತು ಕೊಡುವುದಕ್ಕಿಂತ ಸುಲಭ. ಕ್ರಿಲ್‌ಗೆ ಇರುವ ತೊಡಕೆಂದರೆ, ಅಲ್ಲಿ ಮಿತಿಯನ್ನು ಹೆಚ್ಚಿಸಿ ಎಂದು ಹಿಡಿಯುವ ದೇಶಗಳೇ ಕೇಳುತ್ತಿವೆ. ಆ ಬೇಡಿಕೆಯನ್ನೇ ಚೌಕಾಸಿಗೆ ಬಳಸಿಕೊಂಡು, ಸಂರಕ್ಷಿತ ಪ್ರದೇಶಗಳಿಗೆ ಒಪ್ಪಿಗೆ ಕೊಟ್ಟರೆ ಮಾತ್ರ ಹೆಚ್ಚಳದ ಮಾತು ಎಂದು ಉಳಿದ ದೇಶಗಳು ಪಟ್ಟು ಹಿಡಿಯಬೇಕು.